ಗುರುವಿನ ಮನೆ: ಬೆಳಗೊಳದ ಜೈನಮಠ

ಶ್ರವಣಬೆಳಗೊಳಕ್ಕೆ ಹೋದವರ ಕಣ್ಣು ಮೊದಲು ಮೇಲಕ್ಕೆ ಏಳುವುದು ಸಹಜ. ದೊಡ್ಡಬೆಟ್ಟದ ನೆತ್ತಿಯಲ್ಲಿ ಸುಮಾರು 58 ಅಡಿ ಎತ್ತರದ ಗೊಮ್ಮಟಸ್ವಾಮಿ ನಿಂತಿರುವಾಗ ಕೆಳಗಿನ ಬೀದಿಗಳಲ್ಲಿ ನೋಡತಕ್ಕುದು ಮತ್ತೇನಿದ್ದೀತು ಎಂಬ ಭಾವನೆ ಯಾತ್ರಿಕರಲ್ಲಿ ಬೇರೂರಿದೆ. ವಿದ್ವಾಂಸರ ಗಮನವೂ ಬಹುಮಟ್ಟಿಗೆ ಬೆಟ್ಟಗಳ ಕಡೆಗೇ ಹರಿಯಿತು. ಲೂಯಿ ರೈಸ್ ಸಾಹೇಬರು 1889ರಲ್ಲಿ ಪ್ರಕಟಿಸಿದ ಬೆಳಗೊಳದ ಶಾಸನಸಂಪುಟದಲ್ಲಿ 144 ಶಾಸನಗಳಿದ್ದುವು; ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಸಂಪುಟವು 1923ರಲ್ಲಿ ಹೊರಬಂದಾಗ ಅವು 500 ಆದುವು. ಕಲ್ಲು ಮಾತನಾಡಬಲ್ಲುದೆಂಬುದನ್ನು ಕನ್ನಡಿಗರಿಗೆ ಕಲಿಸಿಕೊಟ್ಟ ಊರುಗಳಲ್ಲಿ ಬೆಳಗೊಳವು ಅಗ್ರಗಣ್ಯವಾದುದು. ಆದರೆ ಈ ಕಲ್ಲುಗಳ ಪೂಜೆಯನ್ನು ನಡೆಯಿಸಿ, ಓಲೆಗಳನ್ನು ಕಾಪಾಡಿ, ಬಂದವರಿಗೆ ಅವುಗಳ ಅರ್ಥವನ್ನು ಹೇಳಿದವರು ಎಲ್ಲಿ ವಾಸವಾಗಿದ್ದರು? ಭಂಡಾರಿ ಬಸದಿಯ ಬಳಿಯಲ್ಲಿರುವ ಗುರುವಿನ ಮನೆಯಲ್ಲಿ, ಎಂದರೆ ಜೈನಮಠದಲ್ಲಿ. ಆ ಮನೆಯನ್ನು ಮನೆಯೆಂದೇ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವಾಚಕರಿಗೆ ಹಾಸನದ ಸೀಮೆಯ ಈ ಮಠದ ಗೊಡವೆಯೇಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವು ಹಿತಕರವಾದುದಲ್ಲ. ಕ್ರಿ. ಶ. 1680ರ ಸುಮಾರಿನಲ್ಲಿದ್ದ ಚಿದಾನಂದ ಕವಿಯು ‘ಮುನಿವಂಶಾಭ್ಯುದಯ’ವೆಂಬ ಕಾವ್ಯದಲ್ಲಿ ಬೆಳಗೊಳದ ಗುರುಪರಂಪರೆಯನ್ನು ವರ್ಣಿಸುತ್ತಾನೆ. ಅವನು ಹೇಳುವ ಪ್ರಕಾರ, ಒಂದು ಕಾಲದಲ್ಲಿ ಈ ಮನೆಯ ಗುರುವು ಮನೆಯನ್ನು ತೊರೆದು ಪರಸೀಮೆಯನ್ನು ಸೇರಬೇಕಾಯಿತು. ಅವರನ್ನು ಹಾಗೆ ಓಡಿಸಿದ ಪೀಡೆಯು ಚನ್ನಪಟ್ಟಣದ ಪ್ರಭುವಿನದು. ಈ ಸಂಗತಿಯನ್ನು ಮುಂದೆ ವಿಚಾರಮಾಡಬೇಕಾಗಿದೆ. ಅದಕ್ಕೆ ಮೊದಲು ಮನೆಯನ್ನು ನೋಡುವುದು ಯುಕ್ತ.

ಮನೆಯನ್ನು ಬಿಟ್ಟವನಿಗೆ ಮನೆಯೇಕೆ? ಮಠವೆಂಬ ಕಟ್ಟಡದ ಮೂಲದಲ್ಲಿರುವ ತೊಡಕು ಇದೇ. ದಿಗಂಬರ ಮುನಿಯು ಒಂದೆಡೆ ನೆಲಸತಕ್ಕವನಲ್ಲ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದು ಊರಿನಲ್ಲಿ ನಿಂತು ಉಳಿದ ಕಾಲದಲ್ಲಿ ಸಂಚರಿಸುವುದು ಅವನ ಧರ್ಮ. ಆದರೆ ಬಸದಿಗಳಿಗೆ ಭೂಮಿಕಾಣಿಗಳು ಬಂದ ಮೇಲೆ ಅವುಗಳ ಲೆಕ್ಕವನ್ನು ನೋಡುವವರು ಬೇಕು. ಓಲೆಗರಿಯ ಗ್ರಂಥಗಳು ಕೂಡಿದ ಮೇಲೆ ಅವುಗಳನ್ನು ಹುಳುವಿನಿಂದಲೂ ತೇವದಿಂದಲೂ ಕಾಯುವವರು ಬೇಕು. ಶ್ರಾವಕರ ಮಕ್ಕಳಿಗೆ ಓದು ಹೇಳುವವರು ಬೇಕು. ಈ ಅಗತ್ಯಗಳಿಂದ ಭಟ್ಟಾರಕರೆಂಬ ಗುರುವರ್ಗವು ನೆಲೆಗೊಂಡಿತು. ಭಟ್ಟಾರಕರು ಬ್ರಹ್ಮಚಾರಿಗಳು; ಆದರೆ ವಸ್ತ್ರಧಾರಿಗಳು, ಪೀಠಸ್ಥರು, ಆಡಳಿತವನ್ನು ಹೊತ್ತವರು. ಸಂಸಾರಿಗೂ ಮುನಿಗೂ ನಡುವಣ ಹೊಸ್ತಿಲಿನ ಮೇಲೆ ನಿಂತವರು ಅವರು. ಅವರ ಮನೆಯೂ ಹಾಗೆಯೇ ಬಸದಿಗೂ ಗೃಹಸ್ಥನ ಮನೆಗೂ ನಡುವಣದು.

ಬೆಳಗೊಳದಲ್ಲಿ ಪೀಠವನ್ನು ಏರಿದ ಗುರುವಿಗೆ ಚಾರುಕೀರ್ತಿ ಎಂಬ ಹೆಸರು ಸಲ್ಲುವುದು. ಗುರುಗಳು ಬದಲಾಗುವರು, ಹೆಸರು ಬದಲಾಗದು. ಆದುದರಿಂದ ಈ ಹೆಸರು ವ್ಯಕ್ತಿಯದಲ್ಲ, ಮನೆಯದು ಎಂದರೆ ತಪ್ಪಾಗಲಾರದು. ಹೊಯ್ಸಳ ಬಲ್ಲಾಳನೊಬ್ಬನು ಮರಣೋನ್ಮುಖನಾಗಿದ್ದಾಗ ಚಾರುಕೀರ್ತಿ ಮುನಿಯು ಅವನನ್ನು ಬದುಕಿಸಿದನೆಂದೂ, ಅದರಿಂದ ‘ಬಲ್ಲಾಳಜೀವರಕ್ಷಕ’ನೆಂಬ ಬಿರುದು ಬಂದಿತೆಂದೂ ಬೆಳಗೊಳದ ಪರಂಪರೆ ಹೇಳುತ್ತದೆ. ಅರಸರ ಪ್ರಾಣವನ್ನು ಉಳಿಸಿದ ಹೆಸರು ಮುಂದೆ ಅರಸರಿಂದಲೇ ಉಳಿಯಬೇಕಾದ ಕಾಲವೂ ಬಂದಿತು.

ಕಟ್ಟಡದ ವಿಚಾರ. ಮಠವು ಬೆಟ್ಟದ ಮೇಲಣ ಕಟ್ಟಡಗಳಂತೆ ಕಲ್ಲನ್ನೇ ನೆಚ್ಚಿ ನಿಂತುದಲ್ಲ. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯನ್ನು ಬಲ್ಲವರಿಗೆ ಅದರ ವಿನ್ಯಾಸವನ್ನು ಬಿಡಿಸಿ ಹೇಳಬೇಕಾದುದಿಲ್ಲ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಕಟ್ಟಡ, ಮುಂಗಡೆಯ ಮಂಟಪದ ಕಂಬಗಳ ಮೇಲೆ ಸೊಗಸಾದ ಕೆತ್ತನೆ. ಉಪ್ಪರಿಗೆಯು ತರುವಾಯ ಸೇರಿಸಿದುದು. ನರಸಿಂಹಾಚಾರ್ಯರ ಕಾಲಕ್ಕೇ ಅದನ್ನು ಈಚಿನದೆಂದು ಗುರುತಿಸಲಾಗಿತ್ತು. ಒಂದೇ ಸಾಲಿನಲ್ಲಿ ಮೂರು ಗರ್ಭಗೃಹಗಳಿದ್ದು, ಅವುಗಳಲ್ಲಿ ಲೋಹದ ಬಿಂಬಗಳಿವೆ. ಇವುಗಳಲ್ಲಿ ಹಲವು ತಮಿಳು ಸೀಮೆಯ ಜೈನರು ಕಾಣಿಕೆಯಾಗಿ ಕೊಟ್ಟವು. ಪೀಠಗಳ ಮೇಲೆ ಗ್ರಂಥಲಿಪಿಯ ಬರಹಗಳಿರುವುದರಿಂದ ಈ ಸಂಗತಿ ತಿಳಿಯುತ್ತದೆ. ಹಳ್ಳಿಯ ಮನೆಯೊಂದಕ್ಕೆ ಎಷ್ಟು ದೂರದ ನಂಟರಿದ್ದರೆಂಬುದಕ್ಕೆ ಇದು ಸಾಕ್ಷಿ.

ಈ ವಿನ್ಯಾಸದ ಗುಣವನ್ನು ತಿಳಿಯಬೇಕಾದರೆ ಮಠದ ಬಳಿಯಲ್ಲೇ ಇರುವ ಭಂಡಾರಿ ಬಸದಿಯೊಡನೆ ಅದನ್ನು ಹೋಲಿಸಿ ನೋಡಬೇಕು. ಆ ಬಸದಿಯನ್ನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾದ ಹುಳ್ಳನು 1159ರಲ್ಲಿ ಕಟ್ಟಿಸಿದನು. ಇಪ್ಪತ್ತನಾಲ್ಕು ತೀರ್ಥಂಕರರು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಬಸದಿಯೊಳಗೆ ಹೋಗುವವನು ಬೆಳಕಿನಿಂದ ನಸುಗತ್ತಲೆಗೆ ಸಾಗುತ್ತಾನೆ. ಹೆಜ್ಜೆ ಮುಂದಾದಂತೆ ಅವನ ಮಾತು ತಾನಾಗಿಯೇ ತಗ್ಗುತ್ತದೆ. ಮಠದಲ್ಲಿಯಾದರೋ ಬೀದಿಯಿಂದ ಒಳಗೆ ಬಂದವನು ಅಂಗಳದ ಬಿಸಿಲನ್ನು ಕಾಣುತ್ತಾನೆ. ದೇವರು ಅಲ್ಲಿಯೂ ಇದ್ದಾನೆ. ಆದರೆ ಮನೆಯೊಳಗಿನ ದೇವರ ಕೋಣೆಯಲ್ಲಿರುವಂತೆ ಇದ್ದಾನೆ. ಬಂದವರು ಕುಳಿತುಕೊಳ್ಳಬಹುದು, ತಮ್ಮ ಕಷ್ಟವನ್ನು ಹೇಳಿಕೊಳ್ಳಬಹುದು. ಬಸದಿಯು ದರ್ಶನಕ್ಕಾಗಿ ಕಟ್ಟಿದುದು; ಮಠವು ಮಾತಿಗಾಗಿ ಕಟ್ಟಿದುದು. ಈ ವ್ಯತ್ಯಾಸವನ್ನು ಅರಿತ ಮೇಲೆ ಅದರ ಗೋಡೆಗಳ ಚಿತ್ರಗಳು ಏಕೆ ಹಾಗಿವೆ ಎಂಬುದು ಹೊಳೆಯುತ್ತದೆ.

ಈ ಚಿತ್ರಗಳೇ ಮಠದ ಸರ್ವಸ್ವವೆಂದು ಕೆಲವರು ಹೇಳುವುದುಂಟು. ನಡುವಣ ಗರ್ಭಗೃಹದ ಬಲಗಡೆಯ ಚಿತ್ರವು ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು. ಎಡಗಡೆಯಲ್ಲಿ ಮೇಲೆ ಪಂಚಪರಮೇಷ್ಠಿಗಳು, ನಡುವೆ ಯಕ್ಷಯಕ್ಷಿಯರೊಡನೆ ನೇಮಿನಾಥ, ಕೆಳಗೆ ಶಿಷ್ಯರಿಗೆ ಧರ್ಮವನ್ನು ಬೋಧಿಸುತ್ತಿರುವ ಮಠದ ಸ್ವಾಮಿಗಳು. ಉತ್ತರದ ಗೋಡೆಯ ಮೇಲೆ ಪಾರ್ಶ್ವನಾಥನ ಸಮವಸರಣವೂ ಭರತಚಕ್ರವರ್ತಿಯ ಕಥೆಯ ಪ್ರಸಂಗಗಳೂ, ದಕ್ಷಿಣದ ಗೋಡೆಯ ಮೇಲೆ ನಾಗಕುಮಾರನ ಚರಿತೆಯೂ ಒಂದು ವನದೃಶ್ಯವೂ ಇವೆ. ಮುಮ್ಮಡಿ ಕೃಷ್ಣರಾಜರ ಆಳಿಕೆಯು 1799ರಿಂದ 1868ರವರೆಗಿನದಾದುದರಿಂದ ದರ್ಬಾರಿನ ಚಿತ್ರವು ಅದಕ್ಕೆ ಹಿಂದಿನದಾಗಿರಲಾರದು.

ಜಿನಬಿಂಬದ ಪಕ್ಕದಲ್ಲಿ ರಾಜನ ಒಡ್ಡೋಲಗವನ್ನು ಬರೆಯಿಸುವುದು ಉಚಿತವೇ ಎಂಬ ಆಕ್ಷೇಪವು ರಸಿಕರಿಗೆ ಹೊಳೆಯದಿರದು. ವೀತರಾಗನ ಮಗ್ಗುಲಲ್ಲಿ ವೈಭವದ ಪರಮಾವಧಿ! ಬೇರೊಂದು ಗೋಡೆಯಿರಲಿಲ್ಲವೇ? ಇದು ಆಶ್ರಯದಾತನ ಮುಖಸ್ತುತಿಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಚಿತ್ರಗಳನ್ನು ಒಂದೊಂದಾಗಿ ನೋಡದೆ ಒಟ್ಟಿಗೆ ನೋಡಿದರೆ ಬೇರೊಂದು ಕ್ರಮವು ಕಾಣಬರುತ್ತದೆ. ಬಲಗಡೆಯದು ರಾಜನ ಸಭೆ. ಎಡಗಡೆಯದು ಗುರುವಿನ ಸಭೆ. ಉತ್ತರದ ಗೋಡೆಯದು ಜಿನನ ಸಭೆ. ಸಮವಸರಣವೆಂದರೆ ದೇವತೆಗಳೂ ಮನುಷ್ಯರೂ ಪಶುಪಕ್ಷಿಗಳೂ ವೈರವನ್ನು ಮರೆತು ಕೂಡಿ ಕುಳಿತು ಕೇಳುವ ಧರ್ಮಸಭೆಯಷ್ಟೆ. ರಾಜಸಭೆಯಲ್ಲಿ ಅಂತಸ್ತಿಗೆ ತಕ್ಕ ಆಸನ. ಗುರುಸಭೆಯಲ್ಲಿ ಕಲಿಯುವ ಬಯಕೆಗೆ ತಕ್ಕ ಆಸನ. ಜಿನಸಭೆಯಲ್ಲಿ ಹುಲಿಗೂ ಹುಲ್ಲೆಗೂ ಆಸನ. ಅಂಗಳದಲ್ಲಿ ನಿಂತು ಇವನ್ನು ನೋಡುವ ಶ್ರಾವಕರು ತಾವೂ ಒಂದು ಸಭೆಯೇ ಆಗಿರುತ್ತಾರೆ. ಚಿತ್ರಕಾರರು ಇದನ್ನು ಉದ್ದೇಶಿಸಿಯೇ ಮಾಡಿದರೋ ಇಲ್ಲವೋ, ಮಾತಿಗಾಗಿ ಕಟ್ಟಿದ ಮನೆಯ ಗೋಡೆಯ ಮೇಲೆ ಸಭೆಗಳು ಮೂಡಿರುವುದು ಅತ್ಯಂತ ಸಮಂಜಸವಾಗಿದೆ.

ಕಥಾನಾಯಕರ ಆಯ್ಕೆಯೂ ವಿಚಾರಾರ್ಹವಾದುದು. ಬೆಟ್ಟದ ಮೇಲೆ ಪೂಜೆಗೊಳ್ಳುವವನು ರಾಜ್ಯವನ್ನು ತ್ಯಜಿಸಿದ ಬಾಹುಬಲಿ. ಕೆಳಗೆ ಮಠದ ಗೋಡೆಯ ಮೇಲಿರುವವನು ರಾಜ್ಯವನ್ನು ಆಳಿದ ಅವನ ಅಣ್ಣ ಭರತ. ಪಂಪನು 941ರಲ್ಲಿ ‘ಆದಿಪುರಾಣ’ವನ್ನು ರಚಿಸಿದಂದಿನಿಂದ ಕನ್ನಡಿಗರ ಮನಸ್ಸು ಈ ಇಬ್ಬರು ಅಣ್ಣತಮ್ಮಂದಿರ ನಡುವೆ ತೂಗುತ್ತಲೇ ಬಂದಿದೆ. ಹದಿನಾರನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿಯು ‘ಭರತೇಶವೈಭವ’ದಲ್ಲಿ ತಕ್ಕಡಿಯನ್ನು ಭರತನ ಕಡೆಗೆ ಬಾಗಿಸಿದನು, ಭೋಗದ ನಡುವೆಯೇ ಯೋಗವನ್ನು ಸಾಧಿಸಿದ ಗೃಹಸ್ಥನನ್ನು ನಾಯಕನನ್ನಾಗಿ ಮಾಡಿದನು. ನಾಗಕುಮಾರನಾದರೂ ಮೊದಲು ಗೃಹಸ್ಥನೇ. ಹತ್ತನೆಯ ಶತಮಾನದಲ್ಲಿ ಮಾನ್ಯಖೇಟದಲ್ಲಿದ್ದ ಪುಷ್ಪದಂತನ ಅಪಭ್ರಂಶಕಾವ್ಯದಿಂದ ಹಿಡಿದು ಕನ್ನಡದ ಬಾಹುಬಲಿ ಕವಿಯವರೆಗೆ ಅನೇಕರು ಅವನ ಕಥೆಯನ್ನು ಹೇಳಿದ್ದಾರೆ. ಬೆಟ್ಟವು ಬಿಟ್ಟವನ ಮಹಿಮೆಯನ್ನು ಹೇಳಿದರೆ, ಮನೆಯು ಇಟ್ಟುಕೊಂಡೂ ಅಂಟಿಸಿಕೊಳ್ಳದವನ ಮಹಿಮೆಯನ್ನು ಹೇಳುತ್ತದೆ. ಏರಿ ಇಳಿದುಬಂದ ಸಂಸಾರಿಗೆ ಬೇಕಾದ ಮಾತು ಈ ಎರಡನೆಯದೇ ಅಲ್ಲವೆ?

ವನದೃಶ್ಯವು ಚಿತ್ರಗಳಲ್ಲೆಲ್ಲಾ ಮೇಲಾದುದೆಂಬ ಖ್ಯಾತಿಗೆ ಪಾತ್ರವಾಗಿದೆ. ಹಣ್ಣಿನ ಮರವೊಂದು, ಹಣ್ಣಿಗೆ ಆಸೆಪಟ್ಟ ಆರು ಜನರು. ಒಬ್ಬನು ಮರವನ್ನೇ ಬುಡಸಹಿತ ಕಡಿಯಲು ತೊಡಗಿದ್ದಾನೆ. ಮತ್ತೊಬ್ಬನು ದೊಡ್ಡ ಕೊಂಬೆಯನ್ನು, ಮೂರನೆಯವನು ರೆಂಬೆಯನ್ನು ಕತ್ತರಿಸಬಯಸುತ್ತಾನೆ. ನಾಲ್ಕನೆಯವನಿಗೆ ಗೊಂಚಲು ಸಾಕು. ಐದನೆಯವನಿಗೆ ಮಾಗಿದ ಹಣ್ಣು ಸಾಕು. ಆರನೆಯವನು ತಾನಾಗಿ ಉದುರಿದುದನ್ನು ಆರಿಸಿಕೊಂಡು ತೃಪ್ತನಾಗುತ್ತಾನೆ. ಜೀವಕ್ಕೆ ಬಣ್ಣವೇರಿಸುವ ಆರು ಲೇಶ್ಯೆಗಳು ಇವು: ಕೃಷ್ಣ, ನೀಲ, ಕಾಪೋತಗಳೆಂಬ ಅಶುಭಗಳು ಮೂರು, ಪೀತ, ಪದ್ಮ, ಶುಕ್ಲಗಳೆಂಬ ಶುಭಗಳು ಮೂರು. ಶಾಸ್ತ್ರದಲ್ಲಿ ಪಾರಿಭಾಷಿಕ ಪದವಾಗಿರುವುದನ್ನು ಓದಲು ಬಾರದವನಿಗೂ ಮನಗಾಣಿಸುವ ಶಕ್ತಿ ಈ ಚಿತ್ರಕ್ಕಿದೆ. ಎಲ್ಲರ ಹಸಿವೂ ಒಂದೇ; ಬೇರೆಬೇರೆಯಾದುದು ಅದನ್ನು ತೀರಿಸಿಕೊಳ್ಳುವ ಬಗೆ. ನೀತಿಯನ್ನು ಹೇಳುತ್ತೇನೆಂಬ ಬಿಗುಮಾನವಿಲ್ಲದೆ ನೀತಿಯನ್ನು ಹೇಳುವುದು ಉತ್ತಮ ಕಲೆಯ ಲಕ್ಷಣವಾದರೆ ಈ ಚಿತ್ರಕ್ಕೆ ಆ ಲಕ್ಷಣ ಸಲ್ಲುತ್ತದೆ.

ಇನ್ನು ಚನ್ನಪಟ್ಟಣದ ಮಾತು. ವಿಜಯನಗರದ ಅರಸರು ಪೆನುಗೊಂಡೆಗೆ ಸರಿದ ಮೇಲೆ ಅವರಿಗೆ ಯುದ್ಧದಲ್ಲಿ ನೆರವಾದ ಜಗದೇವರಾಯನು ವಿಸ್ತಾರವಾದ ಸೀಮೆಯನ್ನು ಪಡೆದು ಚನ್ನಪಟ್ಟಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಅಲ್ಲಿಯ ಕೋಟೆಯು 1580ರಲ್ಲಿ ಅವನಿಂದ ಕಟ್ಟಲ್ಪಟ್ಟುದೆಂದು ಗ್ಯಾಜೆಟಿಯರಿನ ಹೇಳಿಕೆ. ಚಿದಾನಂದ ಕವಿಯ ಕಥನದ ಪ್ರಕಾರ, ಮೈಸೂರಿನ ಚಾಮರಾಜ ಒಡೆಯರು ಬೆಳಗೊಳಕ್ಕೆ ದಯಮಾಡಿಸಿದಾಗ ಗುರುವು ಅಲ್ಲಿರಲಿಲ್ಲ. ವಿಚಾರಿಸಲಾಗಿ, ಚನ್ನಪಟ್ಟಣದ ತೆಲುಗು ಪ್ರಭು ಜಗದೇವನ ಉಪದ್ರವದಿಂದ ಚಾರುಕೀರ್ತಿಗಳು ಊರನ್ನು ಬಿಟ್ಟು ಭಲ್ಲಾತಕೀಪುರದಲ್ಲಿ ಭೈರವರಾಜನ ಆಶ್ರಯದಲ್ಲಿರುವರೆಂದು ತಿಳಿಯಿತು. ಆಮೇಲೆ ಒಡೆಯರು ಗುರುವನ್ನು ಮರಳಿ ನೆಲೆಗೊಳಿಸಿದರು. 1634ರ ಶಾಸನವು ಬೇರೊಂದು ಮುಖವನ್ನು ತೋರಿಸುತ್ತದೆ. ಗೊಮ್ಮಟಸ್ವಾಮಿಯ ಪೂಜೆಗೆಂದು ಬಿಟ್ಟಿದ್ದ ಭೂಮಿಗಳನ್ನು ಸ್ಥಾನಿಕರೇ ಸಾಹುಕಾರರಿಗೆ ಅಡವಿಟ್ಟಿದ್ದರು. ಸಾಲಕೊಟ್ಟವರು ಬಹುಕಾಲದಿಂದ ಅವನ್ನು ಅನುಭವಿಸುತ್ತಿದ್ದರು. ಚಾಮರಾಜ ಒಡೆಯರು ಅವರನ್ನು ಕರೆಯಿಸಿ ಸಾಲವನ್ನು ತಾವೇ ತೀರಿಸುವುದಾಗಿ ಹೇಳಲು, ಅವರು ತಮ್ಮ ತಾಯಿತಂದೆಗಳಿಗೆ ಪುಣ್ಯವಾಗಲೆಂದು ಭೂಮಿಯನ್ನು ಬಿಟ್ಟುಕೊಟ್ಟರು. ಇನ್ನು ಮುಂದೆ ಅಡವಿಡುವವರೂ ಅಡವು ಹಿಡಿಯುವವರೂ ಸಮಾನ ದೋಷಕ್ಕೆ ಗುರಿಯಾಗುವರೆಂಬ ಕಟ್ಟಳೆ ಆಯಿತು.

ಕಾವ್ಯವು ಹೊರಗಿನ ಪೀಡೆಯನ್ನು ಹೇಳುತ್ತದೆ. ಶಾಸನವು ಒಳಗಿನ ಸಡಿಲನ್ನು ಹೇಳುತ್ತದೆ. ಇವೆರಡರಲ್ಲಿ ಯಾವುದನ್ನು ನಂಬಬೇಕು? ಕವಿಯು ಘಟನೆಯಾದ ಸುಮಾರು ಅರ್ಧ ಶತಮಾನದ ತರುವಾಯ, ಮೈಸೂರಿನ ಪ್ರಭುತ್ವವು ಬಲವಾಗಿದ್ದ ಕಾಲದಲ್ಲಿ, ತನ್ನ ಗುರುವಂಶದ ಹಿರಿಮೆಯನ್ನು ಹಾಡಿದವನು. ಮೈಸೂರಿನವರು 1630ರಲ್ಲಿ ಗೆದ್ದುಕೊಂಡ ಚನ್ನಪಟ್ಟಣದ ಮನೆತನವನ್ನು ನಿಂದಿಸುವುದು ಅವನಿಗೆ ಕಷ್ಟವಾದ ಕೆಲಸವೇನೂ ಆಗಿರಲಿಲ್ಲ. ಆದುದರಿಂದ ಚನ್ನಪಟ್ಟಣದವರು ಅವನ ಮಾತನ್ನು ಪೂರ್ತಿಯಾಗಿ ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ತಳ್ಳಿಹಾಕುವುದಕ್ಕೂ ಆಧಾರವಿಲ್ಲ. ಆಳುವವರ ಕಂದಾಯವು ಭಾರವಾದಾಗ ದೇವರ ಭೂಮಿಯು ಅಡವಿಗೆ ಹೋಗುವುದು, ಭೂಮಿ ಹೋದ ಮೇಲೆ ಪೂಜೆ ನಿಲ್ಲುವುದು, ಪೂಜೆ ನಿಂತ ಮೇಲೆ ಗುರುವು ಎದ್ದುಹೋಗುವುದು: ಇವು ಒಂದೇ ಸರಪಣಿಯ ಕೊಂಡಿಗಳಾಗಿರಬಹುದು. ಕಾವ್ಯವು ಮೊದಲ ಕೊಂಡಿಯನ್ನೂ ಕೊನೆಯ ಕೊಂಡಿಯನ್ನೂ ಕಂಡಿತು. ಶಾಸನವು ನಡುವಣದನ್ನು ದಾಖಲುಮಾಡಿತು. ಹೀಗೆ ನೋಡಿದರೆ ಎರಡಕ್ಕೂ ವಿರೋಧವಿಲ್ಲ.

ಈ ಚರಿತ್ರೆಯನ್ನು ತಿಳಿದವರಿಗೆ ದರ್ಬಾರಿನ ಚಿತ್ರವು ಬರಿಯ ಮುಖಸ್ತುತಿಯಾಗಿ ಕಾಣಲಾರದು. ಗುರುವಿಲ್ಲದೆ ಬರಿದಾಗಿದ್ದ ಮನೆಯನ್ನು ಮೈಸೂರಿನ ಅರಸನೊಬ್ಬನು ತುಂಬಿಸಿದನು. ಎರಡು ಶತಮಾನಗಳ ಬಳಿಕ ಆ ಮನೆಯು ತನ್ನ ಗೋಡೆಯ ಮೇಲೆ ಅವನ ವಂಶದವನಿಗೆ ಸ್ಥಳವನ್ನು ಕೊಟ್ಟಿತು. ಜಿನನ ಸ್ಥಾನದಲ್ಲಿ ಅಲ್ಲ, ಗುರುವಿನ ಸ್ಥಾನದಲ್ಲಿಯೂ ಅಲ್ಲ, ಪಕ್ಕದಲ್ಲಿ. ಋಣವನ್ನು ಸಲ್ಲಿಸುವಾಗ ಅಳತೆಯನ್ನು ಮೀರದಿರುವುದೂ ಒಂದು ಸಂಸ್ಕಾರ.

ಗುರುಗೃಹಗಳ ರಕ್ಷಣೆಯ ಪ್ರಶ್ನೆಯು ಕನ್ನಡನಾಡಿಗೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಆಲ್ಫ್ರಿಸ್ಟನ್ ಎಂಬ ಹಳ್ಳಿಯಲ್ಲಿ, ಇಗರ್ಜಿಯ ಬಳಿಯಲ್ಲಿ, ಪಾದ್ರಿಗಳ ಹಳೆಯ ಮನೆಯೊಂದಿದೆ. ಓಕ್ ಮರದ ಚೌಕಟ್ಟು, ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಚಾವಣಿ. ನಡುವೆ ಚಾವಣಿಯವರೆಗೂ ತೆರೆದ ಪಡಸಾಲೆ, ಎರಡು ಕೊನೆಗಳಲ್ಲಿ ಎರಡಂತಸ್ತಿನ ಕೋಣೆಗಳು. ಪಡಸಾಲೆಯ ನೆಲವು ಸೀಮೆಸುಣ್ಣದ ಕಲ್ಲನ್ನು ಕುಟ್ಟಿ ಹುಳಿಹಾಲಿನಿಂದ ಬಿಗಿಮಾಡಿದುದು. ಸಗಣಿ ಸಾರಿಸುವ ಮನೆಗಳಲ್ಲಿ ಬೆಳೆದವರಿಗೆ ಇದು ವಿಚಿತ್ರವಾಗಿ ತೋರದು. ಪಾದ್ರಿಗಳು ಅದನ್ನು ಬಿಟ್ಟುಹೋಗಿ, ಬಡವರ ಬಿಡಾರವಾಗಿ, ಕೊನೆಗೆ ಕೆಡವಲು ಅಪ್ಪಣೆಯೂ ಆಗಿದ್ದಿತು. ಆ ಊರಿನ ಪಾದ್ರಿಯೇ ಹಠಹಿಡಿದು ಹಳೆಯ ಕಟ್ಟಡಗಳ ರಕ್ಷಣೆಯ ಸಂಘಕ್ಕೆ ಮೊರೆಯಿಟ್ಟನು. 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು 1896ರಲ್ಲಿ 10 ಪೌಂಡುಗಳಿಗೆ ಅದನ್ನು ಕೊಂಡಿತು. ಆ ಸಂಸ್ಥೆಯು ಕೊಂಡ ಮೊದಲನೆಯ ಕಟ್ಟಡವೇ ಅದು. ಅರಮನೆಯಲ್ಲ, ಕೋಟೆಯಲ್ಲ, ಒಂದು ಹಳ್ಳಿಯ ಗುರುವಿನ ಮನೆ.

ಆದರೂ ಎರಡು ಮನೆಗಳಿಗೆ ಒಂದು ಮುಖ್ಯ ಅಂತರವಿದೆ. ಆಲ್ಫ್ರಿಸ್ಟನ್ನಿನಲ್ಲಿ ಮನೆಯು ಉಳಿಯಿತು, ಗುರುವು ಉಳಿಯಲಿಲ್ಲ. ಬೆಳಗೊಳದಲ್ಲಿ ಗುರುವು ಮರಳಿ ಬಂದುದರಿಂದ ಮನೆಯು ಉಳಿಯಿತು. ಬೆಟ್ಟದ ಗೊಮ್ಮಟನನ್ನು ಕಾಯುವುದಕ್ಕೆ ಕೇಂದ್ರ ಪುರಾತತ್ತ್ವ ಇಲಾಖೆಯಿದೆ, ಕಾಯಿದೆಯಿದೆ. ಕಲ್ಲಿನ ಸ್ವಭಾವಕ್ಕೆ ಆ ಬಗೆಯ ಕಾಪು ಒಪ್ಪುತ್ತದೆ. ವಾಸದ ಮನೆಯ ಸ್ವಭಾವ ಬೇರೆ. ದೀಪ ಹಚ್ಚದ ಮನೆಯಲ್ಲಿ ಗೆದ್ದಲು ಹತ್ತುತ್ತದೆ. ಹಚ್ಚಿದ ದೀಪದಿಂದ ಗೋಡೆಯ ಬಣ್ಣ ಮಾಸುತ್ತದೆ. ಜನರು ಬಾರದ ಅಂಗಳವು ಪಾಳು. ಬಂದ ಜನರ ಕೈಯೂ ಬೆನ್ನೂ ತಗುಲಿದ ಚಿತ್ರವು ಉದುರುತ್ತದೆ. ಗಾರೆಯ ಮೇಲಣ ವರ್ಣಕ್ಕೆ ಒಮ್ಮೆ ಬಳಿದ ಸುಣ್ಣವೇ ಮರಣ. ಆದುದರಿಂದ ಇಲ್ಲಿ ರಕ್ಷಣೆಯೆಂದರೆ ಬಾಗಿಲಿಗೆ ಬೀಗ ಹಾಕುವುದಲ್ಲ. ಬೀಗವಿಲ್ಲದಿದ್ದ ಮಾತ್ರಕ್ಕೆ ಅದು ರಕ್ಷಣೆಯೂ ಅಲ್ಲ. ವಾಸಕ್ಕೂ ವರ್ಣಕ್ಕೂ ನಡುವೆ ದಿನದಿನವೂ ನ್ಯಾಯತೀರಿಸುವ ಎಚ್ಚರವೇ ರಕ್ಷಣೆ. ಉಪ್ಪರಿಗೆಯನ್ನು ಸೇರಿಸುವಾಗ, ದೀಪದ ತಂತಿಯನ್ನು ಎಳೆಯುವಾಗ, ಮಾಸಿದ ಮುಖವನ್ನು ಹೊಸ ಬಣ್ಣದಿಂದ ತಿದ್ದಲು ಹೊರಟಾಗ ಮನೆಯವರು ನೆನೆಯಬೇಕಾದುದು ತಮ್ಮ ಗೋಡೆಯ ಮೇಲಿನ ಆ ಆರು ಜನರನ್ನೇ. ಹಣ್ಣು ಬೇಕೆಂಬುದು ತಪ್ಪಲ್ಲ. ಯಾವ ಕೊಂಬೆಗೆ ಕೊಡಲಿಯಿಡುತ್ತೇವೆಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಬೆಳಗೊಳದವರಿಗೆ ಮಾತ್ರ ಒಪ್ಪಿಸಿ ಸುಮ್ಮನಿರುವುದು ಚನ್ನಪಟ್ಟಣದ ಸೀಮೆಯವರಿಗೆ ಶೋಭಿಸದು. ಕಣ್ವಾನದಿಯ ತೀರದ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಮುಂದೆ ವಿಜಯನಗರದ ಅರಸರಿಂದ ಪೂಜೆಗೊಂಡ ವ್ಯಾಸರಾಯರು ಬಾಲ್ಯದಲ್ಲಿ ಆಶ್ರಯಪಡೆದುದು ಆ ಗುರುವಿನ ಬಳಿಯಲ್ಲಿ. ಅಲ್ಲಿಗೆ ಹೋದವರು ಬೃಂದಾವನಕ್ಕೆ ನಮಸ್ಕರಿಸಿ ತೀರ್ಥವನ್ನು ತೆಗೆದುಕೊಂಡು ಹಿಂದಿರುಗುತ್ತಾರೆ. ಗುರುವಿನ ಸಮಾಧಿಗೆ ಸಲ್ಲುವ ಗೌರವದಲ್ಲಿ ಒಂದಂಶವಾದರೂ ಗುರುವು ಪಾಠ ಹೇಳಿದ ನೆಲಕ್ಕೆ, ಹುಡುಗನೊಬ್ಬನು ಕುಳಿತು ಕಲಿತ ಜಗಲಿಗೆ ಸಲ್ಲಬೇಡವೆ?

ಒಂದು ಕಾಲದಲ್ಲಿ ಚನ್ನಪಟ್ಟಣದ ಕೋಟೆಯಿಂದ ಹೊರಟ ಪೀಡೆಯು ಬೆಳಗೊಳದ ಗುರುವಿನ ಮನೆಯ ದೀಪವನ್ನು ಆರಿಸಿತೆಂದು ಕವಿಯೊಬ್ಬನು ಬರೆದಿಟ್ಟಿದ್ದಾನೆ. ಆ ಮಾತು ನಿಜವಾದರೆ ಋಣವಿದೆ. ಅರ್ಧ ನಿಜವಾದರೂ ಅರ್ಧ ಋಣವಿದೆ. ಅದನ್ನು ತೀರಿಸುವ ದಾರಿ ದೂರದ್ದೇನೂ ಅಲ್ಲ. ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಬೆಟ್ಟವನ್ನಿಳಿದ ಮೇಲೆ ಒಂದು ಗಳಿಗೆ ಮಠದ ಅಂಗಳದಲ್ಲಿ ನಿಂತು, ಗೋಡೆಗೆ ಬೆನ್ನುಕೊಡದೆ, ಮಕ್ಕಳ ಕೈಯನ್ನು ಹಿಡಿದುಕೊಂಡು ಆ ಮರದ ಕಥೆಯನ್ನು ಅವರಿಗೆ ಹೇಳಿದರೆ ಅಷ್ಟರಮಟ್ಟಿಗೆ ಬಡ್ಡಿಯಾದರೂ ಸಂದಂತಾಗುವುದು.